ದಿನಕ್ಕೆ ಆರು ಶಿಲಿಂಗ್, ಮನೆಗೆ ಎರಡು ತಿಂಗಳ ಹಾದಿ: ಮೊದಲನೆಯ ಮಹಾಯುದ್ಧದ ಆಸ್ಟ್ರೇಲಿಯನ್ ಸಿಪಾಯಿ

ಬಲ್ಲಾರಟ್ ಕನ್ನಡಿಗ (ಚರ್ಚೆ ಆರಂಭಿಸಿದವರು)

ಆಸ್ಟ್ರೇಲಿಯದಲ್ಲಿ ನಾನಿರುವ ಬಲ್ಲಾರಟ್ ಪಟ್ಟಣದಿಂದ ಪಶ್ಚಿಮಕ್ಕೆ ಹೋಗುವ ಹಳೆಯ ರಸ್ತೆಯಲ್ಲಿ ಸುಮಾರು 22 ಕಿಲೋಮೀಟರ್ ಉದ್ದಕ್ಕೆ ಸಾಲುಮರಗಳಿವೆ. 1917ರಿಂದ 1919ರ ನಡುವೆ ನೆಟ್ಟವು, ಒಟ್ಟು 3,801. ಈ ಊರಿನಿಂದ ಯುದ್ಧಕ್ಕೆ ಹೆಸರು ಕೊಟ್ಟು ಹೋದವರಿಗೆ ತಲೆಗೊಂದರಂತೆ ನೆಟ್ಟ ಮರಗಳಿವು. ಅಧಿಕಾರಿ ಮುಂದೆ, ಸಿಪಾಯಿ ಹಿಂದೆ ಎಂಬ ಲೆಕ್ಕ ಇಲ್ಲಿಲ್ಲ. ಸೇನೆಗೆ ಸೇರಿದ ಕ್ರಮದಲ್ಲೇ ಮರಗಳೂ ನಿಂತಿವೆ. ಹಣ ಕೂಡಿಸಿ ನೆಟ್ಟವರು ಲ್ಯೂಕಸ್ ಎಂಬ ಉಡುಪಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಹೆಣ್ಣುಮಕ್ಕಳು.

ನಮ್ಮ ಶಾಲೆಯ ಪುಸ್ತಕಗಳಲ್ಲಿ ಮೊದಲನೆಯ ಮಹಾಯುದ್ಧ ಎಂದರೆ ರಾಜರು, ಒಪ್ಪಂದಗಳು, ಸಾರಾಯೆವೊದ ಗುಂಡು. ಕಂದಕದಲ್ಲಿ ಕೂತಿದ್ದವನು ಏನು ಉಂಡ, ಎಲ್ಲಿ ಮಲಗಿದ, ಅವನ ಕಾಗದ ಮನೆಗೆ ಯಾವಾಗ ತಲುಪಿತು ಎಂಬುದನ್ನು ಯಾರೂ ಹೇಳಿಕೊಡಲಿಲ್ಲ. ಅದನ್ನು ಇಲ್ಲಿ ಮಾತಾಡೋಣ ಎಂದು ಈ ಎಳೆ ಶುರು ಮಾಡುತ್ತಿದ್ದೇನೆ.

ಮೊದಲು ಮೂಲ ಸಂಗತಿಗಳು. ಆಗ ಆಸ್ಟ್ರೇಲಿಯದ ಜನಸಂಖ್ಯೆ 50 ಲಕ್ಷಕ್ಕಿಂತ ಕಡಿಮೆ. ಅದರಲ್ಲಿ 4,16,809 ಮಂದಿ ಸೇನೆಗೆ ಸೇರಿದರು. 60 ಸಾವಿರಕ್ಕೂ ಹೆಚ್ಚು ಜನ ಸತ್ತರು. ಇವರೆಲ್ಲ ಸ್ವಇಚ್ಛೆಯಿಂದ ಹೋದವರು. ಕಡ್ಡಾಯ ಸೇನಾಸೇವೆ ತರಬೇಕೆಂದು ಸರ್ಕಾರ 1916ರಲ್ಲಿ ಒಮ್ಮೆ, 1917ರಲ್ಲಿ ಇನ್ನೊಮ್ಮೆ ಜನರ ಮತ ಕೇಳಿತು. ಎರಡು ಸಲವೂ ಜನ ಬೇಡ ಎಂದರು. 1916ರಲ್ಲಿ ಸೈನಿಕರಿಗೂ ಮತವಿತ್ತು. ಅವರಲ್ಲಿ ಹೆಚ್ಚಿನವರು ಬೇಕು ಎಂದರೂ, 58 ಸಾವಿರಕ್ಕೂ ಮಿಕ್ಕಿ ಮಂದಿ ಬೇಡ ಎಂದು ಹಾಕಿದ್ದರು. ತಾನು ಬಿದ್ದಿರುವ ಕಡೆಗೆ ಮತ್ತೊಬ್ಬನನ್ನು ಎಳೆದು ತರುವುದು ಬೇಡ ಎಂದು ಅಷ್ಟು ಸೈನಿಕರು ಬರೆದು ಕೊಟ್ಟದ್ದು ಸಣ್ಣ ಮಾತಲ್ಲ.

1914ರ ಆಗಸ್ಟ್‌ನಲ್ಲಿ ಸೇರಬೇಕಾದರೆ ಕನಿಷ್ಠ 5 ಅಡಿ 6 ಅಂಗುಲ ಎತ್ತರ ಇರಬೇಕಿತ್ತು. 1915ರ ಜೂನ್‌ನಲ್ಲಿ ಅದು 5 ಅಡಿ 2 ಅಂಗುಲಕ್ಕೆ ಇಳಿಯಿತು, 1917ರ ಏಪ್ರಿಲ್ ಹೊತ್ತಿಗೆ 5 ಅಡಿಗೆ. ವಯಸ್ಸಿನ ಮಿತಿ 38ರಿಂದ 45ಕ್ಕೆ ಏರಿತು. ಟರ್ಕಿಯ ಕಡಲತೀರದ ರಣರಂಗವಾದ ಗಲಿಪೊಲಿಯ ಗಾಯಾಳುಗಳ ಪಟ್ಟಿ ಪತ್ರಿಕೆಗಳಲ್ಲಿ ಬರತೊಡಗಿದ ಮೇಲೆ ಸೇನೆಗೆ ಎಷ್ಟು ಜನ ಬೇಕಾದರು ಎಂಬುದಕ್ಕೆ ಈ ಅಂಗುಲಗಳೇ ಸಾಕ್ಷಿ.

ನಿವೃತ್ತ ಹವಾಲ್ದಾರ್, ಮಡಿಕೇರಿ

ಒಳ್ಳೆಯ ವಿಷಯ ಎತ್ತಿದ್ದೀರಿ. ಶೀರ್ಷಿಕೆಯಲ್ಲಿ ಆರು ಶಿಲಿಂಗ್ ಎಂದಿದೆ. ಆ ಕಾಲಕ್ಕೆ ಅದು ಎಷ್ಟು ದೊಡ್ಡ ಸಂಬಳ? ಇನ್ನೊಂದು ಪ್ರಶ್ನೆ. ನಮಗೆ ಗಡಿಯಲ್ಲಿದ್ದಾಗ ಸಂಬಳಕ್ಕಿಂತ ರಜೆಯದೇ ಯೋಚನೆ. ಜಮ್ಮುವಿನಿಂದ ರೈಲು ಹತ್ತಿದರೆ ಕೆಲವೇ ದಿನಗಳಲ್ಲಿ ಮೈಸೂರು, ಅಲ್ಲಿಂದ ಬಸ್ಸಿನಲ್ಲಿ ಮಡಿಕೇರಿ. ಇವರಿಗೆ ರಜೆ ಹೇಗಿತ್ತು?

ಬಲ್ಲಾರಟ್ ಕನ್ನಡಿಗ

ಹವಾಲ್ದಾರ್ ಸಾಹೇಬರೇ, ನೀವು ಕೇಳಿದ ಎರಡನೆಯ ಪ್ರಶ್ನೆಯೇ ಈ ಸೈನಿಕನ ಬದುಕಿನ ನಡುಮಧ್ಯದ್ದು ಎಂದು ನನಗೆ ಅನಿಸುತ್ತದೆ.

ಸಂಬಳ ಮೊದಲು. ಬ್ರಿಟಿಷ್ ಸಿಪಾಯಿಗೆ ಯುದ್ಧದ ಆರಂಭದಲ್ಲಿ ದಿನಕ್ಕೆ ಒಂದು ಶಿಲಿಂಗ್. ಆಸ್ಟ್ರೇಲಿಯದವನಿಗೆ ಆರು. ಅದರಲ್ಲಿ ಒಂದನ್ನು ಸರ್ಕಾರ ಹಿಡಿದಿಟ್ಟು ಸೇನೆ ಬಿಡುವಾಗ ಕೊಡುತ್ತಿತ್ತು. ಸಂಸಾರವಿದ್ದವನ ಸಂಬಳದಲ್ಲಿ ಒಂದು ಪಾಲು ನೇರವಾಗಿ ಮನೆಗೆ ಹೋಗುತ್ತಿತ್ತು. ಊರಿನಲ್ಲಿ ಕೂಲಿಯವನು ದುಡಿಯುವಷ್ಟಕ್ಕೆ ಹತ್ತಿರವಾಗಿ ಇರಲಿ ಎಂದು ಇಟ್ಟ ಮೊತ್ತ ಅದು. ಇವರನ್ನು ‘ಆರು ಶಿಲಿಂಗ್ ಪ್ರವಾಸಿಗರು’ ಎಂದು ಹಂಗಿಸುತ್ತಿದ್ದವರೂ ಇದ್ದರು.

ರಜೆಯ ಮಾತು ಬೇರೆ. ಫ್ರಾನ್ಸಿನಲ್ಲಿದ್ದ ಬ್ರಿಟಿಷ್ ಸಿಪಾಯಿ ರಜೆ ಸಿಕ್ಕರೆ ಕಡಲ ಕಾಲುವೆ ದಾಟಿ ಒಂದೆರಡು ದಿನದಲ್ಲಿ ತಾಯಿಯ ಅಡುಗೆಮನೆಯಲ್ಲಿ ಕೂರಬಲ್ಲವನಾಗಿದ್ದ. ಬಲ್ಲಾರಟ್‌ನವನಿಗೆ ಮನೆ ಹಡಗಿನಲ್ಲಿ ಸುಮಾರು ಎರಡು ತಿಂಗಳ ದೂರ. ಆದ್ದರಿಂದ ಮನೆ ರಜೆ ಎಂಬುದೇ ಅವನಿಗಿರಲಿಲ್ಲ. ಲಂಡನ್ನಿನಲ್ಲಿ ಕೆಲವು ದಿನ ಅಲೆದು ವಾಪಸ್. ಕೈಯಲ್ಲಿ ದುಡ್ಡು, ಗುರುತಿನವರು ಯಾರೂ ಇಲ್ಲ, ಮುಂದಿನ ವಾರ ಮತ್ತೆ ಕಂದಕ. ಅಲ್ಲಿ ಕುಡಿತ, ಜೂಜು, ಗುಹ್ಯರೋಗ ಇವೆಲ್ಲ ಹಬ್ಬಿದ್ದರಲ್ಲಿ ಆಶ್ಚರ್ಯವಿಲ್ಲ. 1914ರಲ್ಲಿ ಹೊರಟ ಮೊದಲ ತಂಡದವರಿಗೆ ಊರಿಗೆ ಹೋಗುವ ರಜೆ ಮಂಜೂರಾದದ್ದು 1918ರ ಸೆಪ್ಟೆಂಬರ್ ಹೊತ್ತಿಗೆ. ನಾಲ್ಕು ವರ್ಷ! ಅಷ್ಟರಲ್ಲಿ ಆ ತಂಡದಲ್ಲಿ ಉಳಿದಿದ್ದವರೇ ಕಡಿಮೆ.

ಕಾಗದಕ್ಕೂ ಅಷ್ಟೇ ದೂರ. ತಾಯಿ ಬರೆದ ಕಾಗದಕ್ಕೆ ಉತ್ತರ ಬರುವುದರೊಳಗೆ ಮೂರು ನಾಲ್ಕು ತಿಂಗಳು. ಮಗನ ಅಕ್ಷರ ನೋಡಿ ಸಂತೋಷಪಡುವ ಹೊತ್ತಿಗೆ ಮಗ ಇದ್ದಾನೋ ಇಲ್ಲವೋ ಹೇಳುವಂತಿರಲಿಲ್ಲ.

ತುಮಕೂರಿನ ಮೇಷ್ಟ್ರು

ಊಟದ ಬಗ್ಗೆ ನಾನು ಸ್ವಲ್ಪ ಸೇರಿಸುತ್ತೇನೆ. ಗಲಿಪೊಲಿಯಲ್ಲಿ ಇವರು ಇಳಿದದ್ದು 1915ರ ಏಪ್ರಿಲ್ 25ರ ನಸುಕಿನಲ್ಲಿ. ಡಿಸೆಂಬರ್ 20ರಂದು ಕೊನೆಯವರು ಹೊರಬಿದ್ದರು. ಆ ಎಂಟು ತಿಂಗಳು ಡಬ್ಬಿಯಲ್ಲಿ ತುಂಬಿದ ಉಪ್ಪು ಹಾಕಿದ ಗೋಮಾಂಸ, ಕಲ್ಲಿನಂಥ ಬಿಸ್ಕತ್ತು, ಜಾಮ್, ಚಹಾ ಇವೇ ನಿತ್ಯದ ಊಟ. ಹಲ್ಲು ಸರಿಯಿಲ್ಲದವರು ಬಿಸ್ಕತ್ತನ್ನು ತುರಿದು, ನೀರಿನಲ್ಲಿ ನೆನೆಸಿ ಗಂಜಿ ಮಾಡಿಕೊಳ್ಳುತ್ತಿದ್ದರು. ಡಬ್ಬಿಯಲ್ಲಿನ ಮಾಂಸ ಬೇಸಿಗೆಯ ಬಿಸಿಲಿಗೆ ಕರಗಿ ಎಣ್ಣೆಯಾಗುತ್ತಿತ್ತು. ಜಾಮ್ ಡಬ್ಬಿ ತೆರೆದರೆ ನೊಣಗಳು ಮುತ್ತುತ್ತಿದ್ದವು. ಬಿಸ್ಕತ್ತು ಬಾಯಿಗೆ ಹೋಗುವಷ್ಟರಲ್ಲಿ ನೊಣವೂ ಒಳಗೆ. ಎರಡು ಸಾಲಿನ ಕಂದಕಗಳ ನಡುವೆ ಹೂಳದ ಹೆಣಗಳಿದ್ದವು, ಅದೇ ನೊಣ ಅಲ್ಲಿಂದ ಇಲ್ಲಿಗೆ. ಆಮಶಂಕೆ ಇಡೀ ಪಡೆಯನ್ನೇ ಅಲುಗಾಡಿಸಿಬಿಟ್ಟಿತು. ಹೆಣದ ವಾಸನೆ ತಾಳಲಾರದೆ, ಮೇ 24ರಂದು ಎರಡೂ ಕಡೆಯವರು ಒಂದು ಹಗಲು ಗುಂಡು ನಿಲ್ಲಿಸಿ ಹೆಣ ಹೂತರು. ಟರ್ಕಿಯವರೂ ಇವರೂ ಅಂದು ಸಿಗರೇಟು ಹಂಚಿಕೊಂಡರು.

ಕುಡಿಯುವ ನೀರು ಹಡಗಿನಲ್ಲಿ ಬರಬೇಕಿತ್ತು. ದಡದಿಂದ ಗುಡ್ಡದ ಮೇಲಕ್ಕೆ ಅದನ್ನು ಹೊತ್ತದ್ದು ಮುಖ್ಯವಾಗಿ ಹೇಸರಗತ್ತೆಗಳು, ಅವುಗಳನ್ನು ನಡೆಸಿದವರು ನಮ್ಮ ದೇಶದವರು. ಭಾರತೀಯ ಹೇಸರಗತ್ತೆ ಪಡೆಯವರು ಹಗಲು ಗುಂಡಿನ ಕಾಟ ಇದ್ದುದರಿಂದ ಹೆಚ್ಚಾಗಿ ರಾತ್ರಿ ನಡೆಯುತ್ತಿದ್ದರು. ಭಾರತೀಯ ಬೆಟ್ಟದ ಫಿರಂಗಿ ದಳವೂ ಮೊದಲ ದಿನವೇ ಅಲ್ಲಿ ಇಳಿದಿತ್ತು. ಗಾಯಾಳುಗಳನ್ನು ಕತ್ತೆಯ ಮೇಲೆ ಕೂರಿಸಿ ತಂದು ಆಸ್ಟ್ರೇಲಿಯದಲ್ಲಿ ಮನೆಮಾತಾದ ಸಿಂಪ್ಸನ್ ಕೂಡ ತನ್ನ ತುಕಡಿಯನ್ನು ಬಿಟ್ಟು ಈ ಭಾರತೀಯರ ಬಿಡಾರದಲ್ಲೇ ತಂಗುತ್ತಿದ್ದ. ನಮ್ಮವರ ಒಲೆಯ ಚಪಾತಿಗಾಗಿ ಆಸ್ಟ್ರೇಲಿಯದ ಹುಡುಗರು ತಮ್ಮ ಬಿಸ್ಕತ್ತು ಕೊಟ್ಟು ಕೈಚಾಚುತ್ತಿದ್ದರಂತೆ.

ನೀಲಗಿರಿ ಮರ

ಮೇಷ್ಟ್ರೇ, ಚಪಾತಿಯ ಸಂಗತಿ ಗೊತ್ತೇ ಇರಲಿಲ್ಲ. ಧನ್ಯವಾದ.

ಕೆ.ಆರ್. ಮೊಹಲ್ಲಾ ಓದುಗಿ

ಎಲ್ಲವನ್ನೂ ಆಸಕ್ತಿಯಿಂದ ಓದಿದೆ. ಆದರೆ ಒಂದು ಆಕ್ಷೇಪವನ್ನು ನೇರವಾಗಿ ಹೇಳುತ್ತೇನೆ. ಇಲ್ಲಿ ಕಾಣುತ್ತಿರುವುದು ನೊಂದ ಸಿಪಾಯಿ ಮಾತ್ರ. ಇವರು ನೋಯಿಸಿದವರು ಎಲ್ಲಿ?

1915ರ ಏಪ್ರಿಲ್ 2, ಗುಡ್ ಫ್ರೈಡೇ. ಗಲಿಪೊಲಿಗೆ ಹೊರಡುವ ಮುನ್ನ ಕೈರೋದ ವೇಶ್ಯಾಗೃಹಗಳ ಬೀದಿಗೆ ನುಗ್ಗಿ, ಹಾಸಿಗೆ ಮೇಜು ಕುರ್ಚಿಗಳನ್ನು ಕಿಟಕಿಯಿಂದ ಎಸೆದು ಬೆಂಕಿ ಹಚ್ಚಿದವರು ಇದೇ ಆಸ್ಟ್ರೇಲಿಯ, ನ್ಯೂಜಿಲೆಂಡಿನ ಸೈನಿಕರು. ಈಜಿಪ್ಟಿನ ಸಾಮಾನ್ಯ ಜನರನ್ನು ಇವರು ಹೇಗೆ ಕಂಡರು ಎಂಬುದು ಅವರದೇ ಕಾಗದಗಳಲ್ಲಿ ಇದೆ, ಓದಲು ಕಷ್ಟವಾಗುತ್ತದೆ. 1918ರ ಡಿಸೆಂಬರ್‌ನಲ್ಲಿ, ಯುದ್ಧ ಮುಗಿದ ಮೇಲೆ, ಪ್ಯಾಲೆಸ್ತೀನಿನ ಸುರಾಫೆಂಡ್ ಎಂಬ ಹಳ್ಳಿಯಲ್ಲಿ ನಡೆದದ್ದು ಇನ್ನೂ ಘೋರ. ಒಬ್ಬ ನ್ಯೂಜಿಲೆಂಡ್ ಸೈನಿಕನನ್ನು ಕಳ್ಳನೊಬ್ಬ ಕೊಂದ ಎಂಬ ಕಾರಣಕ್ಕೆ ಹಳ್ಳಿಯನ್ನೇ ಸುತ್ತುವರಿದು ಗಂಡಸರನ್ನು ಕೊಂದು ಮನೆಗಳಿಗೆ ಬೆಂಕಿಯಿಟ್ಟರು. ನ್ಯೂಜಿಲೆಂಡಿನವರ ಜೊತೆ ಆಸ್ಟ್ರೇಲಿಯದವರೂ ಇದ್ದರು. ಯಾರಿಗೂ ಶಿಕ್ಷೆಯಾಗಲಿಲ್ಲ. ಆ ಹಳ್ಳಿಯ ತಾಯಂದಿರಿಗೆ ಸಾಲುಮರ ಯಾರು ನೆಟ್ಟರು?

ಬಲ್ಲಾರಟ್ ಕನ್ನಡಿಗ

ಮೇಡಂ, ನೀವು ಹೇಳಿದ್ದು ಪೂರ್ತಿ ನಿಜ, ಅದು ಈ ಎಳೆಯಲ್ಲಿ ಇರಲೇಬೇಕು. ಸಾಮಾನ್ಯ ಸೈನಿಕನ ಬದುಕು ಎಂದಮೇಲೆ ಅವನು ಮಾಡಿದ ಕ್ರೌರ್ಯವೂ ಅದರೊಳಗಿನದೇ.

ಇದಕ್ಕೆ ಸೇರಿದ ಇನ್ನೊಂದು ಮಾತು. 1909ರ ರಕ್ಷಣಾ ಕಾಯ್ದೆಯ ಪ್ರಕಾರ ‘ಗಣನೀಯವಾಗಿ ಯುರೋಪಿಯನ್ ಮೂಲ’ದವರಲ್ಲದವರು ಸೇನೆಗೆ ಬರುವಂತಿರಲಿಲ್ಲ. ಎಷ್ಟೋ ಮೂಲನಿವಾಸಿಗಳನ್ನು ಸೇರ್ಪಡೆ ಕೇಂದ್ರದ ಬಾಗಿಲಿನಿಂದಲೇ ತಿರುಗಿಸಿ ಕಳಿಸಿದರು. ಆದರೂ ಸಾವಿರಕ್ಕೂ ಹೆಚ್ಚು ಮೂಲನಿವಾಸಿಗಳು ಹೇಗೋ ಒಳಸೇರಿದರು. ಕೆಲವರು ಬೇರೆ ಮೂಲ ಹೇಳಿಕೊಂಡರು, ಕೆಲವು ಕಡೆ ವೈದ್ಯರು ಕಂಡೂ ಕಾಣದಂತಿದ್ದರು. ಕಂದಕದಲ್ಲಿ ಅವರಿಗೂ ಅದೇ ಆರು ಶಿಲಿಂಗ್, ಅದೇ ಬಿಸ್ಕತ್ತು. ಊರಿನಲ್ಲಿ ಸಿಗದ ಸಮಾನತೆ ಅಲ್ಲಿ ಸಿಕ್ಕಿತು. ಯುದ್ಧ ಮುಗಿದು ಮರಳಿದಾಗ, ಬಿಳಿಯ ಸೈನಿಕರಿಗೆ ಸರ್ಕಾರ ಹಂಚಿದ ಜಮೀನು ಇವರಲ್ಲಿ ಬೆರಳೆಣಿಕೆಯ ಮಂದಿಗೆ ಬಿಟ್ಟರೆ ಉಳಿದವರಿಗೆ ಸಿಗಲಿಲ್ಲ. ಇದನ್ನು ಓದುವಾಗ ನನಗೆ ಕೋಪ ಬರುತ್ತದೆ.

ನಿವೃತ್ತ ಹವಾಲ್ದಾರ್, ಮಡಿಕೇರಿ

ಶಿಸ್ತಿನ ಮಾತು ಬಂದುದರಿಂದ ಹೇಳುತ್ತೇನೆ. ಆಸ್ಟ್ರೇಲಿಯದವರು ಬ್ರಿಟಿಷ್ ಅಧಿಕಾರಿಗಳಿಗೆ ಸೆಲ್ಯೂಟ್ ಹೊಡೆಯುತ್ತಿರಲಿಲ್ಲ ಎಂದು ನಮ್ಮ ರೆಜಿಮೆಂಟಿನಲ್ಲೂ ಹಿರಿಯರು ಕತೆ ಹೇಳುತ್ತಿದ್ದರು. ನನಗೆ ಮುಖ್ಯ ಎನಿಸುವುದು ಬೇರೆ. ಪಲಾಯನ ಮಾಡಿದವನನ್ನು ಗುಂಡಿಟ್ಟು ಕೊಲ್ಲುವುದು ಬ್ರಿಟಿಷ್ ಸೇನೆಯಲ್ಲಿ ನಡೆದೇ ಇತ್ತು, ಆ ಯುದ್ಧದಲ್ಲಿ ಮುನ್ನೂರಕ್ಕೂ ಹೆಚ್ಚು ಮಂದಿ ಹಾಗೆ ಸತ್ತರು. ಆಸ್ಟ್ರೇಲಿಯದ ನೂರಕ್ಕೂ ಹೆಚ್ಚು ಸೈನಿಕರಿಗೆ ಮರಣದಂಡನೆ ವಿಧಿಸಿದರೂ ಒಬ್ಬನನ್ನೂ ಕೊಲ್ಲಲಿಲ್ಲ. ಅವರ ಕಾನೂನು ಅದಕ್ಕೆ ಒಪ್ಪುತ್ತಿರಲಿಲ್ಲ. ಬ್ರಿಟಿಷ್ ಸೇನಾಪತಿಗಳು ಒತ್ತಾಯಿಸಿದರೂ ಅವರ ಸರ್ಕಾರ ಜಗ್ಗಲಿಲ್ಲ. ಸ್ವಇಚ್ಛೆಯಿಂದ ಬಂದವನನ್ನು ನಾವೇ ಕೊಲ್ಲುವುದು ಹೇಗೆ ಎಂಬ ಪ್ರಶ್ನೆ ಅಲ್ಲಿನ ಜನರ ಮನಸ್ಸಿನಲ್ಲಿತ್ತು.

1918ರ ಸೆಪ್ಟೆಂಬರ್ 21ರಂದು ಅವರ ಒಂದನೆಯ ಬೆಟಾಲಿಯನ್ನಿನ ನೂರಕ್ಕೂ ಹೆಚ್ಚು ಸಿಪಾಯಿಗಳು ಮತ್ತೆ ಮುಂದಿನ ಸಾಲಿಗೆ ಹೋಗಲು ಒಪ್ಪಲಿಲ್ಲ. ವಿಶ್ರಾಂತಿಗೆ ಹೊರಟಿದ್ದವರನ್ನು ಹಿಂದಕ್ಕೆ ತಿರುಗಿಸಿದ್ದರು. ಕಾಗದದಲ್ಲಿ ನೋಡಿದರೆ ಅದು ದಂಗೆ. ನಾನು ಅವರನ್ನು ಹೇಡಿಗಳೆನ್ನಲಾರೆ. ಮನುಷ್ಯನ ದೇಹಕ್ಕೆ ಒಂದು ಮಿತಿ ಇದೆ, ಅದು ದಾಟಿದ ಮೇಲೆ ಹುಕುಂ ಕೇಳಿಸುವುದಿಲ್ಲ. ಫ್ರಾನ್ಸಿನ ಪೋಝಿಯೇ ಎಂಬ ಒಂದು ಹಳ್ಳಿಯ ಸುತ್ತ, 1916ರಲ್ಲಿ, ಏಳು ವಾರದೊಳಗೆ ಸತ್ತವರು ಗಾಯಗೊಂಡವರು ಸೇರಿ ಸುಮಾರು 23 ಸಾವಿರ ಆಸ್ಟ್ರೇಲಿಯನ್ನರು. ಅಲ್ಲಿ ಫಿರಂಗಿ ಗುಂಡು ಬಿದ್ದು ಹೂತುಹೋದವನನ್ನು ಜೊತೆಗಾರರು ಅಗೆದು ತೆಗೆಯುತ್ತಿದ್ದರು, ಮತ್ತೆ ಬಿದ್ದು ಮತ್ತೆ ಹೂತುಹೋಗುತ್ತಿದ್ದ. ಅಂಥದ್ದನ್ನು ಎರಡು ವರ್ಷ ಕಂಡವರು ಇವರು.

ನೀಲಗಿರಿ ಮರ

ಕುದುರೆಗಳ ಬಗ್ಗೆ ಯಾರೂ ಬರೆಯಲಿಲ್ಲ, ನಾನು ಬರೆಯುತ್ತೇನೆ. ಇದರಲ್ಲಿ ನಮ್ಮ ಮೈಸೂರಿಗೂ ಪಾಲಿದೆ.

ಆಸ್ಟ್ರೇಲಿಯದ ವೇಲರ್ ಜಾತಿಯ ಕುದುರೆಗಳು ಯುದ್ಧಕ್ಕೆ ಬಹಳ ಮೊದಲಿನಿಂದಲೂ ಹಡಗು ಹತ್ತಿ ಭಾರತದ ಅಶ್ವದಳಗಳಿಗೆ ಬರುತ್ತಿದ್ದವು. ಆ ಯುದ್ಧದಲ್ಲಿ ಅಲ್ಲಿಂದ ಹೊರಟ ಕುದುರೆಗಳು ಒಂದು ಲಕ್ಷಕ್ಕೂ ಹೆಚ್ಚು, ತಮ್ಮ ಸೇನೆಗೂ ಭಾರತದ ಸೇನೆಗೂ ಸೇರಿ. ಮರಳಿ ಆಸ್ಟ್ರೇಲಿಯದ ನೆಲ ತುಳಿದದ್ದು ಸ್ಯಾಂಡಿ ಎಂಬ ಒಂದೇ ಒಂದು. ಗಲಿಪೊಲಿಯಲ್ಲಿ ಗಾಯಗೊಂಡು ಸತ್ತ ಜನರಲ್ ಬ್ರಿಜಸ್ ಅವರ ಕುದುರೆ ಅದು. ಯುದ್ಧ ಮುಗಿದಾಗ ಪ್ಯಾಲೆಸ್ತೀನಿನಲ್ಲಿದ್ದ ಗಟ್ಟಿಮುಟ್ಟು ಕುದುರೆಗಳಲ್ಲಿ ಹಲವನ್ನು ಭಾರತೀಯ ದಳಗಳಿಗೆ ಒಪ್ಪಿಸಿದರು, ವಯಸ್ಸಾದವನ್ನು ಗುಂಡಿಟ್ಟು ಕೊಂದರು. ಮರುಭೂಮಿಯಲ್ಲಿ ತನ್ನ ಪಾಲಿನ ನೀರನ್ನು ಕುದುರೆಗೆ ಟೋಪಿಯಲ್ಲಿ ಕುಡಿಸಿದ ಸವಾರನಿಗೆ ಅದನ್ನು ಬಿಟ್ಟು ಹಡಗು ಹತ್ತುವುದು ಹೇಗಾಗಿರಬೇಕು!

ಮೈಸೂರಿನ ಪಾಲು ಇಲ್ಲಿದೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಹಿಡಿದದ್ದು ಮೈಸೂರು ಮತ್ತು ಜೋಧಪುರದ ಲ್ಯಾನ್ಸರ್ಸ್, ಮೆಷಿನ್‌ಗನ್ನುಗಳ ಎದುರಿಗೆ ಭರ್ಜಿ ಹಿಡಿದು. ನಮ್ಮಲ್ಲಿ ಇದು ಹೆಮ್ಮೆಯಿಂದ ಹೇಳುವ ಸಂಗತಿ, ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು. ಆದರೆ ಅವರ ಅಶ್ವದಳ ಇದ್ದದ್ದು ‘ಡೆಸರ್ಟ್ ಮೌಂಟೆಡ್ ಕೋರ್’ ಎಂಬ ದೊಡ್ಡ ಸವಾರಿ ಪಡೆಯಲ್ಲಿ, ಅದರ ದಂಡನಾಯಕ ಹ್ಯಾರಿ ಶೋವೆಲ್ ಎಂಬ ಆಸ್ಟ್ರೇಲಿಯನ್. ಆಸ್ಟ್ರೇಲಿಯದ ಲೈಟ್ ಹಾರ್ಸ್ ಸವಾರರೂ ನಮ್ಮ ಲ್ಯಾನ್ಸರ್‌ಗಳೂ ಒಂದೇ ಕೋರ್‌ನಲ್ಲಿ, ಅದೇ ಧೂಳಿನಲ್ಲಿ, ಅದೇ ಮಲೇರಿಯಾದ ನಡುವೆ ಇದ್ದವರು. ಮೈಸೂರಿನ ಸವಾರನಿಗೂ ಮನೆ ಕಡಲಿನಾಚೆಯೇ.

ಕೆ.ಆರ್. ಮೊಹಲ್ಲಾ ಓದುಗಿ

ಇದನ್ನು ಓದಿ ಸಂತೋಷವಾಯಿತು, ಹೊಟ್ಟೆಯೂ ಉರಿಯಿತು. ಬಲ್ಲಾರಟ್‌ನ ಸಿಪಾಯಿಗೆ ಹೆಸರು ಬರೆದ ಮರ ಇದೆ. ಲ್ಯಾನ್ಸರ್ಸ್‌ನ ಸಾಮಾನ್ಯ ಸವಾರನ ಹೆಸರು ಮೈಸೂರಿನಲ್ಲಿ ಎಷ್ಟು ಜನಕ್ಕೆ ಗೊತ್ತು? ಅವನ ಊರು ಯಾವುದು, ಮನೆಯವರು ಯಾರು?

ಬಲ್ಲಾರಟ್ ಕನ್ನಡಿಗ

ಮೇಡಂ ಕೇಳಿದ್ದಕ್ಕೆ ಉತ್ತರವಾಗಿ, ಇಲ್ಲಿ ಒಬ್ಬ ಸಿಪಾಯಿಯ ಬಗ್ಗೆ ಎಷ್ಟು ಉಳಿದಿದೆ ಎಂದು ವಿವರವಾಗಿ ಬರೆಯುತ್ತೇನೆ. ನನಗೆ ಈ ವಿಷಯ ಹಿಡಿದದ್ದೂ ಈ ಕಡತಗಳಿಂದಲೇ.

ಆ ಯುದ್ಧದಲ್ಲಿ ಸೇವೆ ಮಾಡಿದ ಆಸ್ಟ್ರೇಲಿಯನ್ ಸೈನಿಕರ ಸೇವಾ ಕಡತಗಳು ಅಲ್ಲಿನ ರಾಷ್ಟ್ರೀಯ ಪತ್ರಾಗಾರದಲ್ಲಿವೆ, ಪುಟಪುಟವಾಗಿ ಅಂತರ್ಜಾಲದಲ್ಲಿ ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಮೊದಲ ಹಾಳೆಯಲ್ಲಿ ಕಸುಬು, ಎತ್ತರ, ಕಣ್ಣಿನ ಬಣ್ಣ, ಎದೆಯ ಸುತ್ತಳತೆ, ಮೈಮೇಲಿನ ಮಚ್ಚೆ. ಆಮೇಲೆ ಹಡಗು ಹತ್ತಿದ ದಿನ, ಆಸ್ಪತ್ರೆ ಸೇರಿದ ದಿನ, ತಡವಾಗಿ ಬಂದದ್ದಕ್ಕೆ ಕತ್ತರಿಸಿದ ಸಂಬಳ. ಕೊನೆಯಲ್ಲಿ ಹೆಚ್ಚಾಗಿ ಮನೆಯವರ ಕಾಗದಗಳು. ನಾನು ಹೆಚ್ಚು ಹೊತ್ತು ಕೂರುವುದು ಅಲ್ಲಿ. ತಾಯಂದಿರು ಸೇನಾ ಕಚೇರಿಗೆ ಬರೆದ ಕಾಗದಗಳಲ್ಲಿ ಕೇಳುವುದು ಬಹುಮಟ್ಟಿಗೆ ಒಂದೇ: ಎಲ್ಲಿ ಹೂತಿದ್ದೀರಿ, ಅವನ ವಸ್ತುಗಳು ಏನಾದವು?

ಸಾವಿನ ಸುದ್ದಿಯನ್ನು ಮನೆಗೆ ತಿಳಿಸುವ ಕೆಲಸವನ್ನು ಊರಿನ ಪಾದ್ರಿಗಳಿಗೆ ವಹಿಸಿದ್ದರು. ಆ ವರ್ಷಗಳಲ್ಲಿ ಪಾದ್ರಿ ಬೀದಿಗೆ ಬಂದರೆ ಯಾರ ಮನೆಯ ಗೇಟು ತೆಗೆಯುತ್ತಾನೆ ಎಂದು ಇಡೀ ಬೀದಿ ನೋಡುತ್ತಿತ್ತು. ‘ಕಾಣೆಯಾಗಿದ್ದಾನೆ’ ಎಂದು ಬಂದರೆ ಇನ್ನೂ ಕಷ್ಟ. 1916ರ ಜುಲೈ 19ರ ರಾತ್ರಿ ಫ್ರಾನ್ಸಿನ ಫ್ರೊಮೆಲ್ ಎಂಬಲ್ಲಿ ಒಂದೇ ರಾತ್ರಿಯಲ್ಲಿ 5,533 ಆಸ್ಟ್ರೇಲಿಯನ್ನರು ಸತ್ತರು, ಗಾಯಗೊಂಡರು ಇಲ್ಲವೇ ಸೆರೆಯಾದರು. ನೂರಾರು ಮನೆಗಳಿಗೆ ಬಂದದ್ದು ಕಾಣೆಯಾದ ಸುದ್ದಿ ಮಾತ್ರ.

ಇಂಥವರಿಗಾಗಿ ರೆಡ್ ಕ್ರಾಸ್ ಒಂದು ವಿಚಾರಣಾ ಕಚೇರಿ ನಡೆಸುತ್ತಿತ್ತು. ಅದನ್ನು 1915ರಲ್ಲಿ ಕೈರೋದಲ್ಲಿ ಆರಂಭಿಸಿದವರು ವೆರಾ ಡೀಕಿನ್, ಆಗ 23 ವರ್ಷದ ಹೆಣ್ಣುಮಗಳು. ಪ್ರಧಾನಿಯಾಗಿದ್ದ ಆಲ್ಫ್ರೆಡ್ ಡೀಕಿನ್ ಅವರ ಮಗಳು. ಆಲ್ಫ್ರೆಡ್ ಸಂಸತ್ತಿಗೆ ಆರಿಸಿ ಹೋಗುತ್ತಿದ್ದದ್ದು ನಮ್ಮ ಬಲ್ಲಾರಟ್‌ನಿಂದಲೇ. ಕಚೇರಿ ಮುಂದೆ ಲಂಡನ್ನಿಗೆ ಹೋಯಿತು. ಆಸ್ಪತ್ರೆಗಳಲ್ಲಿ ಮಲಗಿದ್ದ ಗಾಯಾಳುಗಳ ಹಾಸಿಗೆಯ ಪಕ್ಕ ಹೋಗಿ, ನಿಮ್ಮ ತುಕಡಿಯ ಇಂಥವನನ್ನು ಕೊನೆಗೆ ಎಲ್ಲಿ ಕಂಡಿರಿ ಎಂದು ಕೇಳಿ ಬರೆದುಕೊಳ್ಳುವುದು ಆ ಕಚೇರಿಯವರ ಕೆಲಸ. ಹಾಗೆ ಸೇರಿದ ಸುಮಾರು 32 ಸಾವಿರ ಕಡತಗಳು ಕ್ಯಾನ್‌ಬೆರಾದ ಯುದ್ಧ ಸ್ಮಾರಕದಲ್ಲಿ ಇವೆ. ಒಬ್ಬನ ಸಾವಿನ ಬಗ್ಗೆ ಮೂವರು ಮೂರು ಬಗೆಯಾಗಿ ಹೇಳಿದ್ದೂ ಉಂಟು. ಅಧಿಕಾರಿ ಮನೆಗೆ ಬರೆದ ಕಾಗದದಲ್ಲಿ ‘ನೋವಿಲ್ಲದೆ ಸತ್ತ’ ಎಂದಿರುತ್ತದೆ, ಪಕ್ಕದಲ್ಲಿದ್ದ ಸಿಪಾಯಿಯ ಮಾತು ಬೇರೆಯೇ ಇರುತ್ತದೆ.

ಹೆಣವನ್ನು ಊರಿಗೆ ತರುವ ಏರ್ಪಾಡು ಇರಲಿಲ್ಲ. ಗೋರಿಯ ಕಲ್ಲಿನ ಕೆಳಗೆ ಮನೆಯವರು ತಮ್ಮ ಮಾತು ಕೆತ್ತಿಸಬಹುದಿತ್ತು, ನಡುವಿನ ಖಾಲಿ ಜಾಗವೂ ಸೇರಿ 66 ಅಕ್ಷರಗಳ ಮಿತಿಯೊಳಗೆ. ಬಹಳಷ್ಟು ತಾಯಂದಿರು ಆ ಕಲ್ಲನ್ನು ಕಣ್ಣಿನಿಂದ ನೋಡಲೇ ಇಲ್ಲ. ಫ್ರೊಮೆಲ್‌ನಲ್ಲಿ ಜರ್ಮನರು ಸಾಮೂಹಿಕವಾಗಿ ಹೂತಿದ್ದ 250 ದೇಹಗಳನ್ನು 2009ರಲ್ಲಿ ತೆಗೆದು, ಬಂಧುಗಳ ಡಿಎನ್‌ಎ ಹೋಲಿಸಿ, ಅವರಲ್ಲಿ ಬಹಳ ಮಂದಿಗೆ ಹೆಸರು ಕೊಟ್ಟರು. 90 ವರ್ಷ ದಾಟಿದ ಮೇಲೆ! ಆ ಕುಟುಂಬಗಳಿಗೂ ಕಲ್ಲಿನ ಮೇಲೆ ಮಾತು ಕೆತ್ತಿಸುವ ಅವಕಾಶ ಸಿಕ್ಕಿತು.

ತುಮಕೂರಿನ ಮೇಷ್ಟ್ರು

ಮನೆಯವರು ಕೈಕಟ್ಟಿ ಕೂತಿರಲಿಲ್ಲ ಎಂಬುದನ್ನೂ ಸೇರಿಸಿ. ಫ್ರಾನ್ಸಿನ ಕೆಸರಿನಲ್ಲಿ ದಿನಗಟ್ಟಲೆ ನಿಂತರೆ ಪಾದ ಊದಿ ಕೊಳೆಯುತ್ತಿತ್ತು, ಬೆರಳು ಕತ್ತರಿಸಬೇಕಾಗುತ್ತಿತ್ತು. ಒಣ ಕಾಲುಚೀಲವೇ ಮದ್ದು. ಆಸ್ಟ್ರೇಲಿಯದ ಹೆಂಗಸರು ಹತ್ತು ಲಕ್ಷಕ್ಕೂ ಹೆಚ್ಚು ಜೊತೆ ಉಣ್ಣೆಯ ಕಾಲುಚೀಲ ಹೆಣೆದು ಕಳಿಸಿದರು. ಕೆಲವರು ಒಳಗೆ ಒಂದು ಚೀಟಿಯನ್ನೂ ಇಡುತ್ತಿದ್ದರು.

ನಿವೃತ್ತ ಹವಾಲ್ದಾರ್, ಮಡಿಕೇರಿ

ಬದುಕಿ ಬಂದವರ ಪಾಡು ಏನಾಯಿತು? ಪಿಂಚಣಿ, ಜಮೀನು?

ಬಲ್ಲಾರಟ್ ಕನ್ನಡಿಗ

ಬರುವುದೇ ತಡವಾಯಿತು. 1918ರ ನವೆಂಬರ್‌ನಲ್ಲಿ ಯುದ್ಧ ನಿಂತರೂ ಹಡಗುಗಳು ಸಾಲದೆ ಎಷ್ಟೋ ಮಂದಿ 1919ರ ಕೊನೆಯವರೆಗೂ ಕಾದರು. ಬಂದಾಗ ಇನ್‌ಫ್ಲುಯೆನ್ಜ ಹಬ್ಬಿತ್ತು, ಹಡಗು ಬಂದರಿಗೆ ಮುಟ್ಟಿದರೂ ಕ್ವಾರಂಟೈನ್.

ಜಮೀನು ಕೊಟ್ಟರು, ಸಾಲದ ಮೇಲೆ. ಬಹಳ ಕಡೆ ತುಂಡು ಚಿಕ್ಕದು, ನೆಲ ಸಾರವಿಲ್ಲದ್ದು, ಒಕ್ಕಲುತನ ಕಾಣದ ಕೈಗಳು. 1920ರ ದಶಕದಲ್ಲಿ ಬೆಲೆಗಳು ಬಿದ್ದಾಗ ಸಾವಿರಾರು ಮಂದಿ ಬಿಟ್ಟು ಹೊರಟರು. 1929ರಲ್ಲಿ ಸರ್ಕಾರಕ್ಕಾಗಿ ನ್ಯಾಯಮೂರ್ತಿ ಪೈಕ್ ಕೊಟ್ಟ ವರದಿಯೇ ಈ ಯೋಜನೆಯ ನಷ್ಟಕ್ಕೆ ಕಾರಣಗಳನ್ನು ಎಣಿಸಿತು. ವಿಷಾನಿಲ ಕುಡಿದ ಶ್ವಾಸಕೋಶ, ರಾತ್ರಿ ಬೆಚ್ಚಿ ಏಳುವ ಮನಸ್ಸು, ಇವುಗಳ ಜೊತೆ ಹೆಂಡತಿ ಮಕ್ಕಳೂ ಬದುಕಿದರು. ಸತ್ತವರ ಹೆಂಡತಿ ಮಕ್ಕಳನ್ನು ನೋಡಿಕೊಳ್ಳಲೆಂದು ಮರಳಿದ ಸೈನಿಕರೇ 1923ರಲ್ಲಿ ‘ಲೆಗಸಿ’ ಎಂಬ ಸಂಸ್ಥೆ ಕಟ್ಟಿದರು, ಇಂದಿಗೂ ನಡೆಯುತ್ತಿದೆ.

ಕೆ.ಆರ್. ಮೊಹಲ್ಲಾ ಓದುಗಿ

ಕಡತಗಳ ವಿವರಕ್ಕೆ ನಿಜವಾಗಿ ಋಣಿ. ಪಂಜಾಬಿನ ಸುಮಾರು ಮೂರು ಲಕ್ಷ ಸೈನಿಕರ ಹಳೆಯ ದಾಖಲೆ ಪುಸ್ತಕಗಳು ಲಾಹೋರಿನ ವಸ್ತುಸಂಗ್ರಹಾಲಯದಲ್ಲಿ ಇದ್ದವು, 2021ರಿಂದ ಅವು ಹಳ್ಳಿವಾರು ಹುಡುಕುವಂತೆ ಅಂತರ್ಜಾಲಕ್ಕೆ ಬರತೊಡಗಿದವು. ಅಂದರೆ ಇಂಥ ಕೆಲಸ ನಮ್ಮ ಕಡೆಯೂ ಆಗಬಲ್ಲದು. ಮೈಸೂರು ಸಂಸ್ಥಾನದ ಸೇನೆಯ ಕಾಗದಪತ್ರಗಳ ಮೇಲೆ ಯಾರಾದರೂ ಕೂತು ಕೆಲಸ ಮಾಡಬೇಕು. ನಾನು ಶುರು ಮಾಡಲು ಸಿದ್ಧಳಿದ್ದೇನೆ.

ನೀಲಗಿರಿ ಮರ

ನಾನೂ ಬರುತ್ತೇನೆ. ಬೆಂಗಳೂರಿನಲ್ಲಿರುವವರು ಯಾರಾದರೂ ಇದ್ದರೆ ಇಲ್ಲೇ ತಿಳಿಸಿ. ಮನೆಯಲ್ಲಿ ಲ್ಯಾನ್ಸರ್ಸ್‌ಗೆ ಸೇರಿದ ಅಜ್ಜ, ಮುತ್ತಜ್ಜನ ಪದಕ, ಫೋಟೋ, ಪಿಂಚಣಿ ಪುಸ್ತಕ ಇಟ್ಟುಕೊಂಡಿರುವವರು ಒಂದು ಚಿತ್ರ ತೆಗೆದು ಹಾಕಿದರೂ ಸಾಕು.

ನಿವೃತ್ತ ಹವಾಲ್ದಾರ್, ಮಡಿಕೇರಿ

ಹಳೆಯ ಸೇನಾ ನಮೂನೆಗಳಲ್ಲಿನ ಸಂಕ್ಷಿಪ್ತ ಅಕ್ಷರಗಳನ್ನು ಓದಲು ನನ್ನಿಂದ ಸಹಾಯ ಆಗಬಹುದು. ಕಳಿಸಿ ಕೊಡಿ, ಕೂತು ಬಿಡಿಸುತ್ತೇನೆ.